ಪಠ್ಯವಾಗಿ ಇಟ್ಟ ಲೆಕ್ಕವನ್ನು ಇವ್ಯಾಲ್ ಇಲ್ಲದೆ ಮಾಡಿಸುವುದು ಹೇಗೆ?

ಮಲೆನಾಡಿನ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಅಡಿಕೆಯ ಬಗೆಗಳಲ್ಲಿ ರಾಶಿಗೆ ಒಂದು ಲೆಕ್ಕ, ಬೆಟ್ಟೆಗೆ ಇನ್ನೊಂದು, ಗೊರಬಲಿಗೆ ಮತ್ತೊಂದು. ಮೂಟೆಗೆ ಎಷ್ಟು ತೂಕ ಕಳೆಯಬೇಕು, ಹಮಾಲಿ ಎಷ್ಟು ಹಿಡಿಯಬೇಕು ಅನ್ನುವುದು ಆಗಾಗ ಬದಲಾಗುತ್ತಿತ್ತು. ಬದಲಾದಾಗಲೆಲ್ಲ ನನಗೆ ಫೋನ್. ಕೊನೆಗೆ ಸಾಕಾಗಿ ಸೂತ್ರವನ್ನೇ ಡೇಟಾಬೇಸಿನಲ್ಲಿ ಪಠ್ಯವಾಗಿ ಇಟ್ಟುಬಿಟ್ಟೆ. ಗುಮಾಸ್ತರೇ ತಿದ್ದಿಕೊಳ್ಳಲಿ ಅಂತ.

```
(ತೂಕ - ಮೂಟೆ * 0.5) * ದರ / 100
```

ದರ ಇರುವುದು ಕ್ವಿಂಟಾಲಿಗೆ. ತೂಕ ಬರುವುದು ಕೆಜಿಯಲ್ಲಿ. ಅದಕ್ಕೇ ಕೊನೆಯಲ್ಲಿ ನೂರರ ಭಾಗಾಕಾರ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ. ಹಾಗಾಗಿ ಈ ಪಠ್ಯವನ್ನು, ಕೊಟ್ಟ ಪಠ್ಯವನ್ನೇ ಕೋಡ್ ಎಂದು ಓಡಿಸುವ ಇವ್ಯಾಲ್ (eval) ಫಂಕ್ಷನ್ನಿಗೆ ಕೊಟ್ಟೆ, ಉತ್ತರ ಬಂತು. ಒಂದೇ ಸಾಲಿನ ಕೆಲಸ. ಖುಷಿಯಾಗಿ ಮಲಗಿದೆ.

ಒಂದಿನ ಗುಮಾಸ್ತರು ದರವನ್ನು ಸೂತ್ರದೊಳಗೇ ಬರೆದರು. ನಾವೆಲ್ಲ ಬರೆಯುವ ಹಾಗೆಯೇ ಬರೆದರು: 48,000. 652.5 ಕೆಜಿ, 10 ಮೂಟೆ. ಬರಬೇಕಾಗಿದ್ದು 3,10,800 ರೂಪಾಯಿ. ಬಿಲ್ಲಿನಲ್ಲಿ ಬಂದದ್ದು ಕಂಸದೊಳಗೆ ಎರಡು ಸಂಖ್ಯೆ: 31080.0 ಮತ್ತು 0.0. ‘ಸಾರ್, ಇದರಲ್ಲಿ ರೈತರಿಗೆ ಯಾವುದು ಕೊಡ್ಲಿ?’ ಅಂತ ಫೋನ್ ಬಂತು.

ಆಗಿದ್ದೇನು ಅಂದರೆ, ಪೈಥಾನಿಗೆ ಅಲ್ಪವಿರಾಮ ಎಂದರೆ ಸಾವಿರದ ಗುರುತಲ್ಲ. ಎರಡು ಬೇರೆ ಬೇರೆ ಬೆಲೆಗಳ ಜೋಡಿ. 647.5 × 48 ಒಂದು ಕಡೆ, 000 / 100 ಇನ್ನೊಂದು ಕಡೆ. ಜಾವಾಸ್ಕ್ರಿಪ್ಟಿನ ಇವ್ಯಾಲ್ ಆಗಿದ್ದರೆ ಇನ್ನೂ ಚೆಂದ. ಅಲ್ಲಿ ಅಲ್ಪವಿರಾಮದ ಕೊನೆಯ ಭಾಗ ಮಾತ್ರ ಉಳಿಯುತ್ತದೆ, ಅಂದರೆ ಉತ್ತರ ಸೊನ್ನೆ.

ಇವ್ಯಾಲ್ ಅಪಾಯಕಾರಿ ಅಂತ ಎಲ್ಲರೂ ಹೇಳುತ್ತಾರೆ, ಹ್ಯಾಕರುಗಳನ್ನು ತೋರಿಸಿ ಹೆದರಿಸುತ್ತಾರೆ. ಅದು ನಿಜವೇ. ಆದರೆ ನನಗೆ ಕಳ್ಳನಿಗಿಂತ ಜಾಸ್ತಿ ಕಾಟ ಕೊಟ್ಟದ್ದು ಪ್ರಾಮಾಣಿಕ ಗುಮಾಸ್ತರ ಅಲ್ಪವಿರಾಮ. ಎರಡಕ್ಕೂ ಮದ್ದು ಒಂದೇ: ಬಳಕೆದಾರರ ಪಠ್ಯವನ್ನು ಪ್ರೋಗ್ರಾಮಿಂಗ್ ಭಾಷೆಯ ಕೈಗೆ ಕೊಡಬೇಡಿ. ನಾಲ್ಕು ಲೆಕ್ಕ ಮಾತ್ರ ಗೊತ್ತಿರುವ ಸಣ್ಣ ಯಂತ್ರವೊಂದನ್ನು ನೀವೇ ಕಟ್ಟಿ. ನೂರು ಸಾಲೂ ಬೇಕಾಗುವುದಿಲ್ಲ.

ಇವ್ಯಾಲ್ ಏನು ಮಾಡುತ್ತದೆ

ಇವ್ಯಾಲ್‌ಗೆ ಲೆಕ್ಕ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪೈಥಾನ್. ಪೈಥಾನಿನಲ್ಲಿ 2 + 3 ಹೇಗೆ ಒಂದು ಮಾತೋ, ‘ಓಎಸ್ ಮಾಡ್ಯೂಲ್ ತರಿಸು, ಈ ಫೋಲ್ಡರ್ ಅಳಿಸು’ ಅನ್ನುವುದೂ ಹಾಗೇ ಒಂದು ಮಾತು. ಎರಡನ್ನೂ ಒಂದೇ ನಿಷ್ಠೆಯಿಂದ ಮಾಡಿ ಮುಗಿಸುತ್ತದೆ. ಸರ್ವರಿನಲ್ಲಿ ನಿಮ್ಮ ಪ್ರೋಗ್ರಾಮಿಗೆ ಏನೇನು ಅಧಿಕಾರ ಇದೆಯೋ ಅದೆಲ್ಲ ಸೂತ್ರದ ಪೆಟ್ಟಿಗೆಯಲ್ಲಿ ಟೈಪ್ ಮಾಡುವವರಿಗೂ ಸಿಕ್ಕ ಹಾಗೆ.

ಇದೇನು ಹಳೇ ಕಾಲದ ತಪ್ಪಲ್ಲ. ಭಾಷಾ ಮಾದರಿಗಳ ಜೊತೆ ಬಳಸುವ ಲ್ಯಾಂಗ್‌ಚೈನ್ ಲೈಬ್ರರಿಯಲ್ಲಿ ಲೆಕ್ಕ ಮಾಡಿಸುವ ಒಂದು ಭಾಗವಿತ್ತು. ಮಾದರಿ ಬರೆದುಕೊಟ್ಟದ್ದನ್ನು ಅದು ಪೈಥಾನಿನಲ್ಲಿ ನೇರವಾಗಿ ಓಡಿಸುತ್ತಿತ್ತು. ಪ್ರಶ್ನೆಯನ್ನೇ ಉಪಾಯವಾಗಿ ಕೇಳಿ ಬೇಕಾದ ಕೋಡ್ ಓಡಿಸಬಹುದು ಅನ್ನುವುದು 2023ರಲ್ಲಿ ಭದ್ರತಾ ದೋಷವಾಗಿ ದಾಖಲಾಯಿತು. ಅಲ್ಲಿ ಪಠ್ಯ ಬರೆದದ್ದು ಮನುಷ್ಯನೂ ಅಲ್ಲ, ನೋಡಿ.

ಅರ್ಧಂಬರ್ಧ ಉಪಾಯಗಳು

ನಾನೂ ಇವನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದವನೇ.

ಮೊದಲನೆಯದು, ಇವ್ಯಾಲ್‌ಗೆ ಬಿಲ್ಟಿನ್‌ಗಳ (ಪೈಥಾನಿನ ಜೊತೆಗೇ ಬರುವ ಫಂಕ್ಷನ್ನುಗಳ) ಖಾಲಿ ಪಟ್ಟಿ ಕೊಡುವುದು. ಯಾವ ಫಂಕ್ಷನ್ನೂ ಕೈಗೆ ಸಿಗದಿದ್ದರೆ ಏನು ಮಾಡಿಯಾರು ಅಂತ. ಆದರೆ ಪೈಥಾನಿನಲ್ಲಿ ಪ್ರತಿ ವಸ್ತುವಿಗೂ ನೆಂಟಸ್ತನದ ದಾರಿ ಇದೆ. ಒಂದು ಖಾಲಿ ಟೂಪಲ್ ಬರೆಯಿರಿ. ಅದರ ಕ್ಲಾಸ್ ಯಾವುದು, ಆ ಕ್ಲಾಸಿನ ಮೂಲ ಯಾವುದು, ಆ ಮೂಲದ ಉಳಿದ ಮಕ್ಕಳು ಯಾರು ಅಂತ ಚುಕ್ಕೆ ಹಾಕುತ್ತಾ ಹೋಗಿ. ಬಾಗಿಲು ಹಾಕಿದ ಮನೆಗೆ ಹಿತ್ತಲಿಂದ ನುಗ್ಗಿದ ಹಾಗೆ, ಬೇಕಾದ ಕ್ಲಾಸು ಎಲ್ಲೋ ಸಿಕ್ಕೇ ಸಿಗುತ್ತದೆ.

ಎರಡನೆಯದು, ಅಂಕೆ, ಕಂಸ, ಚುಕ್ಕೆ ಮತ್ತು + - * / ಬಿಟ್ಟು ಬೇರೆ ಅಕ್ಷರ ಇದ್ದರೆ ತಿರಸ್ಕರಿಸಿ, ಉಳಿದದ್ದನ್ನು ಇವ್ಯಾಲ್‌ಗೆ ಕೊಡುವುದು. ಇದು ಎಷ್ಟೋ ವಾಸಿ. ಕೋಡ್ ನುಗ್ಗುವುದು ನಿಲ್ಲುತ್ತದೆ. ಆದರೆ ಎರಡು ನಕ್ಷತ್ರ (**) ಸೇರಿದರೆ ಘಾತ (ಪವರ್) ಆಗುತ್ತದೆ ಅನ್ನುವುದು ನೆನಪಿದೆಯಾ?

```
9**9**9
```

ಇದರಲ್ಲಿರುವುದು ಏಳೇ ಅಕ್ಷರ, ಎಲ್ಲವೂ ಅನುಮತಿ ಇರುವವೇ. ಉತ್ತರದಲ್ಲಿ ಮಾತ್ರ 36,96,93,100 ಅಂಕೆಗಳಿವೆ. ಸರ್ವರ್ ಅದನ್ನು ಲೆಕ್ಕ ಹಾಕುತ್ತಾ ಕೂತುಬಿಡುತ್ತದೆ, ಬೇರೆಯವರ ಬಿಲ್ಲು ಹೊರಗೆ ಬರುವುದಿಲ್ಲ. ಪೈಥಾನಿನವರು 2022ರಲ್ಲಿ ಪೂರ್ಣಾಂಕವನ್ನು ಪಠ್ಯವಾಗಿಸುವಾಗ 4300 ಅಂಕೆಗಳ ಮಿತಿ ಹಾಕಿದರು. ಅದು ಪಠ್ಯಕ್ಕೆ ಬದಲಾಯಿಸುವಾಗಿನ ಮಿತಿ. ಲೆಕ್ಕ ಮಾಡುವುದಕ್ಕೆ ಅದು ಅಡ್ಡ ಬರುವುದಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಗುಂಡಿ. ಯಾರೋ 010 ಅಂತ ಬರೆಯುತ್ತಾರೆ. ಪೈಥಾನ್ 3 ಅದನ್ನು ತಪ್ಪು ಎನ್ನುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಅದು 8. ಅಷ್ಟಕ ಪದ್ಧತಿಯಂತೆ! ಹತ್ತು ಮೂಟೆ ಎಂಟಾಗುವುದು ಹೀಗೆ.

ಮೂರನೆಯದು, ಪೈಥಾನಿನ ಲಿಟರಲ್ ಇವ್ಯಾಲ್. ಹೆಸರು ನೋಡಿ ಎಷ್ಟೋ ಜನ ಇದೇ ಪರಿಹಾರ ಅಂದುಕೊಳ್ಳುತ್ತಾರೆ. ಅದು ಸಂಖ್ಯೆ, ಪಟ್ಟಿ, ಡಿಕ್ಷನರಿ ಇಂಥ ಸಿದ್ಧ ಬೆಲೆಗಳನ್ನು ಓದಲು ಇರುವುದು. 2 + 3 ಕೊಟ್ಟರೆ ದೋಷ ಎಸೆಯುತ್ತದೆ. ಲೆಕ್ಕಕ್ಕೆ ಅದು ಆಗಿಬರುವುದಿಲ್ಲ.

ಜಾವಾದವರು ತುಂಬಾ ದಿನ ಒಳಗಿದ್ದ ಜಾವಾಸ್ಕ್ರಿಪ್ಟ್ ಎಂಜಿನ್ನಿಗೆ ಸೂತ್ರ ಕೊಟ್ಟು ಉತ್ತರ ತೆಗೆಯುತ್ತಿದ್ದರು. ನ್ಯಾಶಾರ್ನ್ ಅಂತ ಅದರ ಹೆಸರು. ಜಾವಾ 15ರಲ್ಲಿ ಅದನ್ನು ತೆಗೆದರು. ಅವತ್ತು ಎಷ್ಟು ಪ್ರೋಗ್ರಾಮುಗಳು ಮುಗ್ಗರಿಸಿದವೋ!

ಸರಿ, ಈಗ ಕಟ್ಟೋಣ. ಕೆಳಗಿನ ಕೋಡನ್ನು ಕನ್ನಡದಲ್ಲೇ ಬರೆದಿದ್ದೇನೆ. ನಿಮ್ಮ ಭಾಷೆಗೆ ಸಾಲು ಸಾಲಾಗಿ ಇಳಿಸಿಕೊಳ್ಳಬಹುದು.

ಹೆಜ್ಜೆ 1: ಏನು ಬೇಕು ಅಂತ ಕಾಗದದ ಮೇಲೆ ಬರೆಯಿರಿ

ಕೀಬೋರ್ಡ್ ಮುಟ್ಟುವ ಮೊದಲು ಇದನ್ನು ಮಾಡಿ. ನನ್ನ ಪಟ್ಟಿ ಹೀಗಿತ್ತು: ದಶಮಾಂಶ ಸಂಖ್ಯೆ, ಕೂಡು, ಕಳೆ, ಗುಣಿಸು, ಭಾಗಿಸು, ಕಂಸ, ಸಂಖ್ಯೆಯ ಎಡಕ್ಕೆ ಬರುವ ಮೈನಸ್ (-2 ಇದ್ದ ಹಾಗೆ), ಮತ್ತು ನಾಲ್ಕೈದು ಹೆಸರುಗಳು (ತೂಕ, ಮೂಟೆ, ದರ, ಹಮಾಲಿ, ಕೊರತೆ). ಅಷ್ಟೇ. ಈ ಪಟ್ಟಿಯಲ್ಲಿ ಇಲ್ಲದ್ದೆಲ್ಲ ತಪ್ಪು. ಯಾವುದು ಬೇಡ ಎಂದು ಪಟ್ಟಿ ಮಾಡಲು ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲ.

ಘಾತ ಬೇಕಾ ಅಂತ ಎರಡು ಸಲ ಯೋಚಿಸಿ. ಮಂಡಿ ಬಿಲ್ಲಿಗೆ ಬೇಡ. ಚಕ್ರಬಡ್ಡಿ ಲೆಕ್ಕವಿದ್ದರೆ ಬೇಕಾದೀತು. ಬೇಕಾದರೆ ಅದರ ಜೊತೆ ಜಗಳಗಳೂ ಬರುತ್ತವೆ. ^ ಗುರುತನ್ನು ಬಳಕೆದಾರರು ಘಾತ ಅಂದುಕೊಳ್ಳುತ್ತಾರೆ, ಪೈಥಾನಿಗೆ ಅದು ಬಿಟ್ಟುಗಳ ಮೇಲಿನ ಕೆಲಸ: 2^3 ಕೊಟ್ಟರೆ 1 ಬರುತ್ತದೆ. -2ರ ವರ್ಗಕ್ಕೆ ಎಕ್ಸೆಲ್‌ನಲ್ಲಿ =-2^2 ಅಂತ ಬರೆದರೆ 4. ಪೈಥಾನಿನಲ್ಲಿ -2**2 ಅಂತ ಬರೆದರೆ -4. ಎರಡೂ ತಮ್ಮ ತಮ್ಮ ನಿಯಮದಲ್ಲಿ ಸರಿಯೇ. ನಿಮ್ಮ ಬಳಕೆದಾರರು ಎಕ್ಸೆಲ್‌ನಿಂದ ಬಂದವರಾದರೆ ಯಾವುದು ಬೇಕು ಅಂತ ನೀವೇ ತೀರ್ಮಾನಿಸಬೇಕು.

ಶೇಕಡಾ ಗುರುತೂ ಹಾಗೇ. ಗುಮಾಸ್ತರಿಗೆ 2% ಅಂದರೆ ನೂರಕ್ಕೆ ಎರಡು. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಿಗೆ % ಅಂದರೆ ಭಾಗಿಸಿ ಉಳಿದ ಶೇಷ. ಈ ಗೊಂದಲಕ್ಕೆ ನಾನು ಹೋಗಲಿಲ್ಲ. % ಕಂಡರೆ ‘2/100 ಎಂದು ಬರೆಯಿರಿ’ ಅಂತ ಹೇಳಿಸಿದೆ.

ಹೆಜ್ಜೆ 2: ಪಠ್ಯವನ್ನು ತೊಳೆಯಿರಿ, ಆದರೆ ಜಾಸ್ತಿ ಉಜ್ಜಬೇಡಿ

ಸೂತ್ರಗಳು ಕೀಬೋರ್ಡಿನಿಂದ ಮಾತ್ರ ಬರುವುದಿಲ್ಲ. ವಾಟ್ಸಾಪಿನಿಂದ, ವರ್ಡ್ ಫೈಲಿನಿಂದ ಕಾಪಿಯಾಗಿ ಬರುತ್ತವೆ. ಹಾಗೆ ಬಂದಾಗ ಮೈನಸ್ ಇದ್ದ ಜಾಗದಲ್ಲಿ ಉದ್ದ ಗೆರೆ ಇರುತ್ತದೆ. ನಕ್ಷತ್ರದ ಬದಲು ×, ಓರೆಗೆರೆಯ ಬದಲು ÷ ಇರುತ್ತದೆ. ಖಾಲಿ ಜಾಗದಂತೆ ಕಾಣುವ ಬೇರೆ ಅಕ್ಷರವೂ ಇರುತ್ತದೆ. ಇವನ್ನು ಒಂದು ಸಣ್ಣ ಕೋಷ್ಟಕ ಇಟ್ಟು ಬದಲಿಸಿ: ಉದ್ದ ಗೆರೆಗಳೆಲ್ಲ -, × ಅಂದರೆ *, ÷ ಅಂದರೆ /.

ಅಲ್ಪವಿರಾಮವನ್ನು ಮಾತ್ರ ಸುಮ್ನೆ ಅಳಿಸಬೇಡಿ. ನನಗೂ ಮೊದಲು ಅಳಿಸಿಬಿಡೋಣ ಅನ್ನಿಸಿತ್ತು. ಮುಂದೆ ಗರಿಷ್ಠ(48,000) ಅನ್ನುವಂಥ ಫಂಕ್ಷನ್ ಸೇರಿಸಿದರೆ? ಅದು ನಲವತ್ತೆಂಟು ಸಾವಿರವೋ, 48 ಮತ್ತು ಸೊನ್ನೆಯೋ? ಯಂತ್ರ ಊಹೆ ಮಾಡಬಾರದು, ದುಡ್ಡಿನ ವಿಷಯದಲ್ಲಂತೂ ಬೇಡವೇ ಬೇಡ. ತಪ್ಪು ಎಂದು ನಿಲ್ಲಿಸಿ, ‘ಅಲ್ಪವಿರಾಮ ಬೇಡ, 48000 ಎಂದು ಬರೆಯಿರಿ’ ಅಂತ ಹೇಳಿ.

ಇನ್ನು ಕನ್ನಡದ ಅಂಕೆಗಳು. ಪೈಥಾನಿನಲ್ಲಿ ‘೧೨’ ಪಠ್ಯವನ್ನು ಇಂಟ್ ಫಂಕ್ಷನ್ನಿಗೆ ಕೊಟ್ಟರೆ ಸರಿಯಾಗಿ 12 ಕೊಡುತ್ತದೆ. ಅದೇ ಪಠ್ಯವನ್ನು ಇವ್ಯಾಲ್‌ಗೆ ಕೊಟ್ಟರೆ ವ್ಯಾಕರಣ ದೋಷ ಎನ್ನುತ್ತದೆ. ಒಂದೇ ಭಾಷೆಯ ಎರಡು ಮೂಲೆ, ಎರಡು ಮಾತು! ನಮ್ಮ ಯಂತ್ರದಲ್ಲಿ ೦ಯಿಂದ ೯ರವರೆಗಿನ ಹತ್ತು ಅಕ್ಷರಗಳನ್ನು ಕೋಷ್ಟಕದಲ್ಲೇ 0-9ಕ್ಕೆ ಬದಲಿಸಿಕೊಂಡರೆ ಮುಗಿಯಿತು.

ಇಲ್ಲೊಂದು ನಮ್ಮ ಲಿಪಿಯದ್ದೇ ಕಿತಾಪತಿ ಇದೆ. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ ಥರ. ೧೦ ಬರೆಯುವ ಬದಲು ಒಂದರ ಪಕ್ಕ ಅನುಸ್ವಾರ ಒತ್ತಿದರೆ ೧ಂ ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಕಂಪ್ಯೂಟರಿಗೆ ಎರಡೂ ಬೇರೆ ಅಕ್ಷರ. ಅನುಸ್ವಾರವನ್ನು ಸೊನ್ನೆ ಮಾಡಿಬಿಡಬೇಡಿ, ‘ಮುಂಗಡ’ ಅನ್ನುವ ಹೆಸರು ಕೆಟ್ಟುಹೋಗುತ್ತದೆ. ಅಂಕೆಯ ಹಿಂದೆಯೇ ಅನುಸ್ವಾರ ಬಂದರೆ ದೋಷ ಎಂದು ತೋರಿಸಿ.

ಹೆಸರುಗಳು ಕನ್ನಡದಲ್ಲಿದ್ದರೆ ಯೂನಿಕೋಡ್ ಸಾಮಾನ್ಯೀಕರಣವೂ ಬೇಕು. ‘ಕೊರತೆ’ಯಲ್ಲಿರುವ ಒಕಾರವನ್ನು ಒಂದೇ ಚಿಹ್ನೆಯಾಗಿ ಉಳಿಸಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಯಾಗಿಯೂ ಉಳಿಸಬಹುದು. ಕಾಣುವುದು ಒಂದೇ, ಹೋಲಿಸಿದರೆ ಬೇರೆ. ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಅದರ ಅಣ್ಣ ಎನ್‌ಎಫ್‌ಕೆಸಿಯನ್ನು ಇಲ್ಲಿ ಬಳಸಬೇಡಿ. ಅದು ಮೇಲೆ ಬರೆದ ಪುಟ್ಟ ಎರಡನ್ನೂ ಕೆಳಗಿಳಿಸುತ್ತದೆ. 5² ಹೋಗಿ 52 ಆಗುತ್ತದೆ. ಜಾಸ್ತಿ ಉಜ್ಜಬೇಡಿ ಅಂದದ್ದು ಇದಕ್ಕೇ.

ಹೆಜ್ಜೆ 3: ತುಣುಕು ಮಾಡಿ

ಈಗ ಪಠ್ಯವನ್ನು ಎಡದಿಂದ ಓದುತ್ತಾ ತುಣುಕುಗಳ ಸಾಲು ಮಾಡಬೇಕು. ನಮ್ಮ ಸೂತ್ರ ಹೀಗಾಗುತ್ತದೆ:

```
(   ತೂಕ   -   ಮೂಟೆ   *   0.5   )   *   ದರ   /   100
```

ತುಣುಕು ಮೂರೇ ಜಾತಿ: ಸಂಖ್ಯೆ, ಹೆಸರು, ಗುರುತು. ಸಂಖ್ಯೆ ಅಂದರೆ ಒಂದು ಅಥವಾ ಹೆಚ್ಚು ಅಂಕೆ, ಬೇಕಿದ್ದರೆ ಒಂದು ಚುಕ್ಕೆ, ಅದರ ಮುಂದೆ ಮತ್ತೆ ಅಂಕೆ. ಈ ನಿಯಮವನ್ನು ನೀವೇ ಬರೆಯಿರಿ. ‘ಸಿಕ್ಕಿದ್ದನ್ನು ಫ್ಲೋಟ್ ಫಂಕ್ಷನ್ನಿಗೆ (ಪಠ್ಯವನ್ನು ದಶಮಾಂಶ ಸಂಖ್ಯೆ ಮಾಡುವುದು) ಕೊಟ್ಟು ನೋಡೋಣ, ಆಗದಿದ್ದರೆ ದೋಷ’ ಅನ್ನುವ ದಾರಿ ಹಿಡಿಯಬೇಡಿ. ಅದು ‘ನ್ಯಾನ್’, ‘ಇನ್ಫಿನಿಟಿ’ ಪದಗಳನ್ನೂ ಇಂಗ್ಲಿಷಿನಲ್ಲಿ ಬರೆದರೆ ಒಪ್ಪುತ್ತದೆ. ಅಂಕೆಗಳ ನಡುವೆ ಅಡಿಗೆರೆ ಇದ್ದರೂ ಒಪ್ಪುತ್ತದೆ. ಬಿಲ್ಲಿನಲ್ಲಿ ‘ಇನ್ಫಿನಿಟಿ ರೂಪಾಯಿ’ ಬಂದರೆ ಕೊಡುವವರು ಯಾರು?

ಅಂಕೆಯೋ ಅಲ್ಲವೋ ಎಂದು ನೋಡುವ ಸಿದ್ಧ ಫಂಕ್ಷನ್ನುಗಳ ಮೇಲೂ ಒಂದು ಕಣ್ಣಿರಲಿ. ಪೈಥಾನಿನ ಈಸ್ ಡಿಜಿಟ್ ಆ ಪುಟ್ಟ ² ಅನ್ನೂ ಅಂಕೆ ಎನ್ನುತ್ತದೆ. ಆಮೇಲೆ ಇಂಟ್‌ಗೆ ಕೊಟ್ಟರೆ ಇಂಟ್ ಬೇಡ ಎನ್ನುತ್ತದೆ. ಈಗಾಗಲೇ 0-9ಕ್ಕೆ ತಂದಿರುವುದರಿಂದ ನೇರವಾಗಿ ಆ ಹತ್ತು ಅಕ್ಷರಗಳ ಜೊತೆ ಹೋಲಿಸಿ.

ಹೆಸರಿನಲ್ಲಿ ನಾನು ಅರ್ಧ ದಿನ ಕಳೆದೆ. ಅಕ್ಷರವೋ ಅಲ್ಲವೋ ಅಂತ ಹೇಳುವ ಈಸ್ ಆಲ್ಫಾ ಬಳಸಿದೆ. ‘ದರ’ ಪಾಸಾಯಿತು, ‘ತೂಕ’ ಫೇಲಾಯಿತು. ಕಾರಣ ಊಕಾರದ ಚಿಹ್ನೆ. ಯೂನಿಕೋಡಿನಲ್ಲಿ ಸ್ವರಚಿಹ್ನೆಗಳು ‘ಅಕ್ಷರ’ ವರ್ಗದಲ್ಲಿಲ್ಲ, ಅವು ‘ಗುರುತು’ ವರ್ಗದಲ್ಲಿವೆ. ‘ದರ’ದಲ್ಲಿ ಚಿಹ್ನೆಯೇ ಇಲ್ಲವಲ್ಲ, ಅದಕ್ಕೇ ಪಾಸು. ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಪದದ ಅಕ್ಷರಕ್ಕೆ ಇರುವ ಸಂಕೇತಕ್ಕೂ ಇದೇ ರೋಗ. ಮದ್ದು ಸುಲಭ. ಹೆಸರು ಕನ್ನಡ ಅಕ್ಷರದಿಂದ ಶುರುವಾಗಬೇಕು. ಆಮೇಲೆ ಅಕ್ಷರ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಒತ್ತಕ್ಷರ ಕೂಡಿಸುವ ವಿರಾಮ (್), ಅಡಿಗೆರೆ ಬರಬಹುದು. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಜಾಗಗಳ ಒಂದು ಸಾಲಿದೆ, ಅದರೊಳಗಿಂದ ಬೇಕಾದ್ದನ್ನು ಆರಿಸಿಕೊಳ್ಳಿ.

ಚುಕ್ಕೆಗೆ ಸಂಖ್ಯೆಯೊಳಗೆ ಮಾತ್ರ ಜಾಗ. ಹೆಸರಿನ ಮುಂದೆ ಚುಕ್ಕೆ ಬಂದರೆ ಅಲ್ಲೇ ತಪ್ಪು. ಆ ನೆಂಟಸ್ತನದ ದಾರಿ ಇಲ್ಲಿಗೆ ಮುಚ್ಚಿತು.

ಹೆಜ್ಜೆ 4: ಮೂರು ಫಂಕ್ಷನ್

ಶಾಲೆಯಲ್ಲಿ ಕಲಿತದ್ದೇ: ಮೊದಲು ಕಂಸ, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡುವುದು ಕಳೆಯುವುದು. ಇದನ್ನು ಮೂರು ಫಂಕ್ಷನ್ ಮಾಡಿದರೆ ಆಯಿತು. ಒಂದೊಂದೂ ತನಗಿಂತ ಬಿಗಿಯಾಗಿ ಕಟ್ಟುವ ಫಂಕ್ಷನ್ನನ್ನು ಕರೆಯುತ್ತದೆ.

```
ಕೂಡು_ಕಳೆ(ಆಳ):
    ಬೆಲೆ = ಗುಣಿಸು_ಭಾಗಿಸು(ಆಳ)
    ಮುಂದಿನ ತುಣುಕು + ಅಥವಾ - ಆಗಿರುವ ತನಕ:
        ಗುರುತು = ತೆಗೆದುಕೋ()
        ಬಲ = ಗುಣಿಸು_ಭಾಗಿಸು(ಆಳ)
        ಗುರುತು + ಆದರೆ  ಬೆಲೆ = ಬೆಲೆ + ಬಲ
        ಇಲ್ಲವಾದರೆ     ಬೆಲೆ = ಬೆಲೆ - ಬಲ
    ಕೊಡು ಬೆಲೆ

ಗುಣಿಸು_ಭಾಗಿಸು(ಆಳ):
    ಬೆಲೆ = ಒಂಟಿ(ಆಳ)
    ಮುಂದಿನ ತುಣುಕು * ಅಥವಾ / ಆಗಿರುವ ತನಕ:
        ಗುರುತು = ತೆಗೆದುಕೋ()
        ಬಲ = ಒಂಟಿ(ಆಳ)
        ಗುರುತು * ಆದರೆ  ಬೆಲೆ = ಬೆಲೆ * ಬಲ
        ಇಲ್ಲವಾದರೆ:
            ಬಲ ಸೊನ್ನೆಯಾದರೆ  ತಪ್ಪು("ಸೊನ್ನೆಯಿಂದ ಭಾಗಿಸಲಾಗದು")
            ಬೆಲೆ = ಬೆಲೆ / ಬಲ
    ಕೊಡು ಬೆಲೆ

ಒಂಟಿ(ಆಳ):
    ಆಳ 20 ದಾಟಿದರೆ  ತಪ್ಪು("ಕಂಸಗಳು ತುಂಬಾ ಆದವು")
    ತುಣುಕು ಮುಗಿದಿದ್ದರೆ  ತಪ್ಪು("ಸೂತ್ರ ಅರ್ಧಕ್ಕೆ ನಿಂತಿದೆ")
    ತು = ತೆಗೆದುಕೋ()
    ತು ಸಂಖ್ಯೆಯಾದರೆ  ಕೊಡು ಅದರ ಬೆಲೆ
    ತು ಹೆಸರಾದರೆ    ಕೊಡು ಹೆಸರುಗಳ_ಪಟ್ಟಿಯಿಂದ(ತು)
    ತು - ಆದರೆ      ಕೊಡು 0 - ಒಂಟಿ(ಆಳ + 1)
    ತು ( ಆದರೆ:
        ಬೆಲೆ = ಕೂಡು_ಕಳೆ(ಆಳ + 1)
        ಮುಂದಿನದು ) ಅಲ್ಲದಿದ್ದರೆ  ತಪ್ಪು("ಕಂಸ ಮುಚ್ಚಿಲ್ಲ")
        ತೆಗೆದುಕೋ()
        ಕೊಡು ಬೆಲೆ
    ತಪ್ಪು("ಇಲ್ಲಿ ಇದು ಬರಬಾರದು: " ತು)
```

ಮೊದಲೆರಡರಲ್ಲಿ ಲೂಪ್ ಯಾಕೆ ಅಂತ ಕೇಳಬಹುದು. ಬಲಗಡೆಗೆ ಕೂಡು_ಕಳೆಯನ್ನೇ ಮತ್ತೆ ಕರೆದರೆ ಕೋಡ್ ಚಿಕ್ಕದಾಗುತ್ತದಲ್ಲ? ಆಗುತ್ತದೆ, ಉತ್ತರ ತಪ್ಪಾಗುತ್ತದೆ. 10 - 4 - 3 ಎಂದರೆ 3. ಬಲಗಡೆ ಮೊದಲು ಮಾಡಿದರೆ 4 - 3 ಒಂದಾಗಿ, ಉತ್ತರ 9 ಆಗುತ್ತದೆ. ಕೂಡುವಾಗ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಕೂಡುವ ಲೆಕ್ಕ ಮಾತ್ರ ಇಟ್ಟವರು ಸಿಕ್ಕಿಬೀಳುತ್ತಾರೆ.

ಹೆಸರುಗಳ ಪಟ್ಟಿ ಒಂದು ಸಾದಾ ಡಿಕ್ಷನರಿ. ಈ ಬಿಲ್ಲಿನ ತೂಕ, ಮೂಟೆ, ದರ ಇಷ್ಟೇ ಅದರಲ್ಲಿ ಇರಲಿ. ಪ್ರೋಗ್ರಾಮಿನ ಬೇರೆ ವೇರಿಯಬಲ್ಲುಗಳು ಅದಕ್ಕೆ ಕಾಣಲೇಬಾರದು. ಹೆಸರು ಸಿಗದಿದ್ದರೆ ಸೊನ್ನೆ ಅಂದುಕೊಳ್ಳಬೇಡಿ. ‘ಮೂಟೆ’ ಬದಲು ‘ಮುಟೆ’ ಅಂತ ಬರೆದವರ ತೂಕದಲ್ಲಿ ಕಡಿತವೇ ಆಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ.

ಕೊನೆಯಲ್ಲಿ ಮರೆಯಬಾರದ ಒಂದು ಸಾಲಿದೆ:

```
ಉತ್ತರ = ಕೂಡು_ಕಳೆ(0)
ಇನ್ನೂ ತುಣುಕು ಉಳಿದಿದ್ದರೆ  ತಪ್ಪು("ಇಲ್ಲಿಂದ ಮುಂದೆ ಅರ್ಥವಾಗಲಿಲ್ಲ")
```

ಇದಿಲ್ಲದಿದ್ದರೆ ‘2 3’ ಕೊಟ್ಟಾಗ 2 ಎಂದು ಉತ್ತರ ಬರುತ್ತದೆ, 3 ಸದ್ದಿಲ್ಲದೆ ಮಾಯ. ‘100) * 5’ ಕೊಟ್ಟರೆ 100. ಪಠ್ಯವನ್ನು ಹೀಗೆ ಬಿಡಿಸಿ ಅರ್ಥ ಮಾಡಿಕೊಳ್ಳುವ ಕೋಡಿಗೆ ಪಾರ್ಸರ್ ಅನ್ನುತ್ತಾರೆ. ನಾನು ನೋಡಿದ, ಕೈಯಾರೆ ಬರೆದ ಪಾರ್ಸರುಗಳಲ್ಲಿ ತುಂಬಾ ಸಲ ಬಿಟ್ಟುಹೋಗಿದ್ದು ಇದೇ ಸಾಲು.

ಫಂಕ್ಷನ್ ಒಂದನ್ನೊಂದು ಕರೆಯುವುದು ಇಷ್ಟವಿಲ್ಲದಿದ್ದರೆ ಇನ್ನೊಂದು ದಾರಿಯೂ ಇದೆ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ಶಂಟಿಂಗ್ ಯಾರ್ಡ್ ವಿಧಾನ. ರೈಲ್ವೆ ಯಾರ್ಡಿನಲ್ಲಿ ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿಟ್ಟು ಬೇಕಾದಾಗ ಎಳೆದುಕೊಳ್ಳುವ ಹಾಗೆ, ಗುರುತುಗಳನ್ನು ಒಂದು ಸ್ಟ್ಯಾಕಿನಲ್ಲಿ ಕಾಯಿಸುತ್ತದೆ. ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ. ಆರು ತಿಂಗಳ ನಂತರ ತೆರೆದು ಓದುವಾಗ ನನಗೆ ಮೂರು ಫಂಕ್ಷನ್ನೇ ಬೇಗ ಅರ್ಥವಾಗುತ್ತದೆ.

ಪೈಥಾನಿನ ಮರವನ್ನೇ ಬಳಸುವುದಾದರೆ

ಪಾರ್ಸರ್ ಬರೆಯಲು ಬೇಜಾರಾದವರಿಗೆ ಪೈಥಾನಿನಲ್ಲಿ ಒಂದು ಒಳದಾರಿ ಇದೆ. ಎಎಸ್‌ಟಿ ಮಾಡ್ಯೂಲಿಗೆ ಪಠ್ಯ ಕೊಟ್ಟರೆ ಓಡಿಸದೆ ಅದರ ರಚನೆಯ ಮರ (ಯಾವ ಗುರುತು ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂಬ ನಕ್ಷೆ) ಮಾತ್ರ ಕಟ್ಟಿಕೊಡುತ್ತದೆ. ಆ ಮರವನ್ನು ನೀವು ಹತ್ತಿ, ಸಂಖ್ಯೆ, ನಾಲ್ಕು ಗುರುತು, ಹೆಸರು ಬಿಟ್ಟು ಬೇರೆ ಯಾವ ಕೊಂಬೆ ಕಂಡರೂ ನಿಲ್ಲಿಸಿ. ಇದು ಒಳ್ಳೆಯ ದಾರಿಯೇ. ಎಚ್ಚರ ಬೇಕಾದ ಕಡೆ ಮೂರು. ಸಂಖ್ಯೆಯ ಕೊಂಬೆಯಲ್ಲಿ ಪಠ್ಯವೂ ಬರಬಹುದು, ಪಠ್ಯವನ್ನು ನೂರು ಕೋಟಿಯಿಂದ ಗುಣಿಸಿದರೆ ಮೆಮೊರಿ ಖಾಲಿ. ‘ಟ್ರೂ’ ಕೂಡ ಪೈಥಾನಿನಲ್ಲಿ ಒಂದು ಬಗೆಯ ಪೂರ್ಣಾಂಕವೇ, ಅದಕ್ಕೆ ಒಂದು ಕೂಡಿದರೆ ಎರಡು ಬರುತ್ತದೆ. ಹಾಗಾಗಿ ಬೆಲೆಯ ಜಾತಿಯನ್ನೂ ನೋಡಲೇಬೇಕು. ಮತ್ತೆ, ಹಳೇ ಉತ್ತರಗಳಿಂದ ಕಾಪಿ ಮಾಡಿದ ಕೋಡಿನಲ್ಲಿ ‘ನಮ್’ ಎಂಬ ಕ್ಲಾಸ್ ಇರುತ್ತದೆ. ಪೈಥಾನ್ 3.8ರಿಂದಲೇ ಅದು ಬೇಡವಾಗಿ, 3.14ರಲ್ಲಿ ತೆಗೆದೇ ಹಾಕಿದ್ದಾರೆ. ಈಗ ಬಳಸಬೇಕಾದದ್ದು ‘ಕಾನ್‌ಸ್ಟಂಟ್’.

ಹೆಜ್ಜೆ 5: ಬೇಲಿ

ನಮ್ಮ ಯಂತ್ರಕ್ಕೆ ಘಾತ ಗೊತ್ತಿಲ್ಲ, ಆದ್ದರಿಂದ ದೊಡ್ಡ ಬಾಂಬು ಇಲ್ಲ. ಸಣ್ಣ ಪಟಾಕಿಗಳು ಉಳಿದಿವೆ. ಸೂತ್ರದ ಉದ್ದಕ್ಕೆ ಮಿತಿ ಇಡಿ, ನನಗೆ 200 ಅಕ್ಷರ ಸಾಕಾಯಿತು. ಒಂದು ಸಂಖ್ಯೆಯಲ್ಲಿ 15 ಅಂಕೆಗಿಂತ ಹೆಚ್ಚು ಬೇಡ. ಕಂಸದ ಆಳ 20. ಒಂಟಿ ಫಂಕ್ಷನ್ನಿನಲ್ಲಿ ಮೈನಸ್‌ಗೂ ಆಳ ಹೆಚ್ಚಿಸಿದ್ದನ್ನು ಗಮನಿಸಿದಿರಾ? ಸಾವಿರ ಮೈನಸ್ ಸಾಲಾಗಿ ಬರೆದರೆ ಅದೂ ಸಾವಿರ ಕಂಸದಷ್ಟೇ ಆಳ ಹೋಗುತ್ತದೆ. ಪೈಥಾನ್ ಮಾಮೂಲಾಗಿ ಸಾವಿರ ಕರೆಗಳ ಆಳಕ್ಕೆ ನಿಂತುಬಿಡುತ್ತದೆ. ಅಲ್ಲಿವರೆಗೆ ಬಿಡುವುದು ಬೇಡ.

ಘಾತ ಬೇಕೇ ಬೇಕು ಎನ್ನುವವರು ಘಾತಸೂಚಿ 0ಯಿಂದ 10ರವರೆಗಿನ ಪೂರ್ಣಾಂಕ ಮಾತ್ರ ಎಂದು ಕಟ್ಟಿಹಾಕಿ.

ಹೆಜ್ಜೆ 6: ಪೈಸೆ ತಪ್ಪಬಾರದು

ಫ್ಲೋಟ್ ಬಳಸಿದರೆ 1.15 * 100 ಎಷ್ಟು ಬರುತ್ತದೆ ಗೊತ್ತಾ? 114.99999999999999. ಇದನ್ನು ಪೂರ್ಣಾಂಕಕ್ಕೆ ಕತ್ತರಿಸಿದರೆ 114. ದುಡ್ಡಿನ ಸೂತ್ರಕ್ಕೆ ಡೆಸಿಮಲ್ (ನಾವು ಬರೆಯುವ ಹಾಗೆ ಹತ್ತರ ಪದ್ಧತಿಯಲ್ಲೇ ಸಂಖ್ಯೆ ಇಟ್ಟುಕೊಳ್ಳುವ ಬಗೆ) ಬಳಸಿ. ಪೈಥಾನಿನ ಡೆಸಿಮಲ್ ಮಾಮೂಲಾಗಿ 28 ಅಂಕೆಗಳಷ್ಟು ನಿಖರವಾಗಿ ಲೆಕ್ಕ ಹಾಕುತ್ತದೆ, ಅಡಿಕೆಗೆ ಧಾರಾಳವಾಯಿತು. ಸಂಖ್ಯೆಯ ತುಣುಕನ್ನು ಪಠ್ಯದಿಂದ ನೇರವಾಗಿ ಡೆಸಿಮಲ್ ಮಾಡಿ. ನಡುವೆ ಫ್ಲೋಟ್ ಮಾಡಿದರೆ ಕಸ ಒಳಗೆ ಬಂದಾಯಿತು. ಡೇಟಾಬೇಸಿನಿಂದ ಬರುವ ತೂಕ ಮತ್ತು ದರವೂ ಡೆಸಿಮಲ್ಲೇ ಆಗಿರಲಿ.

ಪೂರ್ಣಗೊಳಿಸುವುದು ಕೊನೆಗೆ ಒಂದೇ ಸಲ. ಪೈಥಾನಿನ ರೌಂಡ್ 2.5 ಅನ್ನು 2 ಮಾಡುತ್ತದೆ, ಅರ್ಧ ಬಂದಾಗ ಸಮಸಂಖ್ಯೆಯ ಕಡೆ ವಾಲುವುದು ಅದರ ಪದ್ಧತಿ. ಗುಮಾಸ್ತರ ಕ್ಯಾಲ್ಕುಲೇಟರಿಗೆ ಅದು 3. ಒಂದು ರೂಪಾಯಿ ವ್ಯತ್ಯಾಸಕ್ಕೆ ಅರ್ಧ ಗಂಟೆ ಮಾತು ಕೇಳಬೇಕಾಗುತ್ತದೆ. ಅರ್ಧವಾದರೆ ಮೇಲಕ್ಕೆ ಎಂಬ ನಿಯಮವನ್ನು ಡೆಸಿಮಲ್‌ಗೆ ನೀವೇ ಹೇಳಿ.

ಹೆಜ್ಜೆ 7: ತಪ್ಪನ್ನು ಉಳಿಸುವಾಗಲೇ ಹಿಡಿಯಿರಿ

ಬಿಲ್ ಹಾಕುವ ಹೊತ್ತಿಗೆ ದೋಷ ಬಂದರೆ ಎದುರಿಗೆ ರೈತರು ನಿಂತಿರುತ್ತಾರೆ. ಸೂತ್ರ ಉಳಿಸುವಾಗಲೇ ಒಮ್ಮೆ ಮಾದರಿ ಬೆಲೆಗಳನ್ನು ಹಾಕಿ ಓಡಿಸಿ, ಉತ್ತರವನ್ನು ಅಲ್ಲೇ ತೋರಿಸಿ: ‘652.5 ಕೆಜಿ, 10 ಮೂಟೆ, ದರ 48000 ಆದರೆ 3,10,800.00’. ಗುಮಾಸ್ತರಿಗೆ ಕೋಡ್ ಗೊತ್ತಿಲ್ಲದಿರಬಹುದು, ಈ ಮೊತ್ತ ಸರಿಯೋ ತಪ್ಪೋ ಅನ್ನುವುದು ನನಗಿಂತ ಚೆನ್ನಾಗಿ ಗೊತ್ತು. ದೋಷ ಹೇಳುವಾಗ ಎಷ್ಟನೇ ಅಕ್ಷರದಲ್ಲಿ ಅಂತ ಹೇಳಿ, ಕನ್ನಡದಲ್ಲಿ ಹೇಳಿ. ತುಣುಕು ಮಾಡುವಾಗಲೇ ಅದರ ಜಾಗವನ್ನೂ ಬರೆದಿಟ್ಟುಕೊಂಡರೆ ಇದು ಸುಲಭ.

ಬಿಲ್ಲಿನ ಜೊತೆ ಅವತ್ತಿನ ಸೂತ್ರ, ಹಾಕಿದ ಬೆಲೆಗಳು, ಬಂದ ಉತ್ತರ ಮೂರನ್ನೂ ಉಳಿಸಿ. ನಾಳೆ ಸೂತ್ರ ಬದಲಾದರೆ ಹಳೇ ಬಿಲ್ಲು ಬದಲಾಗಬಾರದು, ಅಲ್ವಾ?

ಹೆಜ್ಜೆ 8: ಪರೀಕ್ಷೆ

ಇದು ನನ್ನ ಪಟ್ಟಿ. ಎತ್ತಿಕೊಂಡು ನಿಮ್ಮದನ್ನು ಸೇರಿಸಿಕೊಳ್ಳಿ.

```
48,000           ತಪ್ಪು
2 + 3 * 4        14
10 - 4 - 3       3
8 / 4 / 2        1
-2 * -3          6
1.15 * 100       115
೧೨ + 3           15
010              10
೧ಂ               ತಪ್ಪು
5²               ತಪ್ಪು
9**9**9          ತಪ್ಪು
2 3              ತಪ್ಪು
5)               ತಪ್ಪು
()               ತಪ್ಪು
1 / (2 - 2)      ತಪ್ಪು
ತೂಕ.ದರ           ತಪ್ಪು
ಮುಟೆ * 2         ತಪ್ಪು
ಖಾಲಿ ಪಠ್ಯ         ತಪ್ಪು
```

9**9**9 ಯಾಕೆ ತಪ್ಪು ಅಂದರೆ, ನಮ್ಮ ಯಂತ್ರಕ್ಕೆ ಎರಡು ನಕ್ಷತ್ರ ಎಂದರೆ ಎರಡು ಗುಣಾಕಾರದ ಗುರುತು. ಎರಡನೆಯದರ ಜಾಗದಲ್ಲಿ ಸಂಖ್ಯೆ ಇರಬೇಕಿತ್ತು, ಒಂಟಿ ಫಂಕ್ಷನ್ ಅಲ್ಲೇ ತಡೆಯುತ್ತದೆ. ಅದಕ್ಕಾಗಿ ಬೇರೆ ಸಾಲು ಬರೆಯಬೇಕಾಗಲಿಲ್ಲ.

ಹಳೇ ಇವ್ಯಾಲ್ ತೆಗೆಯುವ ಮೊದಲು ಒಂದು ಕೆಲಸ ಬಾಕಿ. ಡೇಟಾಬೇಸಿನಲ್ಲಿರುವ ಸೂತ್ರಗಳನ್ನೆಲ್ಲ ಒಮ್ಮೆ ಕಣ್ಣಲ್ಲಿ ಓದಿ. ಆಮೇಲೆ ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ, ಡೇಟಾಬೇಸಿನ ಪ್ರತಿ ಇಟ್ಟುಕೊಂಡು, ಹಳೇ ಬಿಲ್ಲುಗಳನ್ನು ಹೊಸ ಯಂತ್ರದಿಂದ ಮತ್ತೆ ಲೆಕ್ಕ ಹಾಕಿಸಿ ಹಳೇ ಮೊತ್ತದ ಜೊತೆ ಹೋಲಿಸಿ. ನನಗೆ ಸಿಕ್ಕ ವ್ಯತ್ಯಾಸಗಳೆಲ್ಲ ಪೈಸೆಗಳಲ್ಲೇ ಇದ್ದವು, ಫ್ಲೋಟಿನ ಕಾಣಿಕೆ. ಒಂದು ಬಿಲ್ಲಿನಲ್ಲಿ ಮಾತ್ರ ವ್ಯತ್ಯಾಸ 2,79,720 ರೂಪಾಯಿ. ಅದು ಯಾವುದು ಅಂತ ತೆರೆದು ನೋಡುವ ಅಗತ್ಯ ಬೀಳಲಿಲ್ಲ.